ಫೋಟೋ ನೋಡಿ ತಿಂಗಳು ಹೇಳಬೇಕು: ಮಾಪ್ಸಾದಂಥ ಪುಟ್ಟ ಊರಿನ ಒಂದು ವರ್ಷ ತೆಗೆಯುವ ಬಗೆ

ಗೋವಾದ ಫೋಟೋ ಅಂದರೆ ಕಡಲು, ಸಂಜೆ ಸೂರ್ಯ, ಬಾಗಿದ ತೆಂಗಿನ ಮರ. ಅದು ಡಿಸೆಂಬರಿನದೋ ಏಪ್ರಿಲಿನದೋ ಹೇಳಿ ನೋಡೋಣ. ಆಗುವುದಿಲ್ಲ. ಅದೇ ಉತ್ತರ ಗೋವಾದ ಮಾಪ್ಸಾ ಪೇಟೆಯ ಒಂದು ಮೂಲೆಯಲ್ಲಿ ಒಣಮೀನು, ಹರಳುಪ್ಪು, ಕೋಕಂ ಸಿಪ್ಪೆ, ಗೊಂಚಲು ಕಟ್ಟಿದ ಈರುಳ್ಳಿ ರಾಶಿ ಬಿದ್ದಿರುವ ಫೋಟೋ ತೋರಿಸಿ. ಇಲ್ಲಿ ಎರಡು ಮಳೆಗಾಲ ಕಳೆದವರು ಯಾರೇ ಆಗಲಿ, 'ಇದು ಮೇ ತಿಂಗಳು, ಮಳೆಗೆ ಮುಂಚೆ' ಅಂತ ಥಟ್ಟನೆ ಹೇಳುತ್ತಾರೆ.

ಈ ಬರಹ ಆ ಎರಡನೇ ಬಗೆಯ ಫೋಟೋ ಬಗ್ಗೆ. ಬೆಳಗಾವಿ, ಬಾಗಲಕೋಟೆ, ಗದಗ, ಕಾರವಾರ ಕಡೆಯಿಂದ ಬಂದು ಮಾಪ್ಸಾ, ಫೋಂಡಾ, ಕುಡಚಡೆ, ಡಿಚೋಲಿಯಲ್ಲಿ ನೆಲೆಸಿದ ನಮ್ಮವರು ಬಹಳ ಮಂದಿ ಇದ್ದಾರೆ. ಎಲ್ಲರ ಕೈಯಲ್ಲೂ ಒಂದು ಫೋನ್ ಇದ್ದೇ ಇದೆ. ಒಂದು ವರ್ಷ ಒಂದೇ ಊರನ್ನು ತೆಗೆಯುವುದಕ್ಕೆ ಅಷ್ಟು ಸಾಕು. ನಾನು ಮಾಪ್ಸಾ ಹಿಡಿದು ಹೇಳುತ್ತೇನೆ. ನಿಮ್ಮ ಊರಿಗೆ ನೀವು ಹೊಂದಿಸಿಕೊಳ್ಳಿ.

ನನ್ನ ನಿಯಮ ಒಂದೇ. ಋತುವನ್ನು ಜನರ ಕೈಯಲ್ಲಿ ಹುಡುಕಿ. ಏನು ಒಣಹಾಕಿದ್ದಾರೆ, ಏನು ಮುಚ್ಚುತ್ತಿದ್ದಾರೆ, ಏನು ಕಟ್ಟುತ್ತಿದ್ದಾರೆ, ಏನು ಕೊಳ್ಳುತ್ತಿದ್ದಾರೆ. ಮೋಡ, ಹೂವು, ಸೂರ್ಯಾಸ್ತ ಎಲ್ಲ ಆಮೇಲೆ.

ಮೊದಲು ಜಾಗ ಗೊತ್ತು ಮಾಡಿ

ಊರೆಲ್ಲ ಸುತ್ತಬೇಡಿ. ನಾಲ್ಕೈದು ಜಾಗ ಆರಿಸಿ, ವರ್ಷವಿಡೀ ಅಲ್ಲೇ ನಿಲ್ಲಿ. ಮಾಪ್ಸಾದಲ್ಲಾದರೆ ನನ್ನ ಆಯ್ಕೆ ಹೀಗೆ. ಮಾರುಕಟ್ಟೆಯಲ್ಲಿ ಹಳ್ಳಿಯಿಂದ ಬಂದ ಹೆಂಗಸರು ನೆಲದ ಮೇಲೆ ಬುಟ್ಟಿ ಇಟ್ಟು ಕೂರುವ ಒಂದು ಸಾಲು. ಕದಂಬ ಬಸ್‌ಸ್ಟ್ಯಾಂಡ್. ಊರಂಚಿನ ಬೊಡಗೇಶ್ವರ ಗುಡಿ ಕಡೆಯ ಗದ್ದೆಬಯಲು. ಒಂದು ಚಹಾ ಅಂಗಡಿ ಅಥವಾ ಬೇಕರಿ. ಕೊನೆಯದು ನಿಮ್ಮ ಮನೆಯ ಮುಂದಿನ ದಾರಿ. ಅದು ಎಷ್ಟೇ ಸಪ್ಪೆಯಾಗಿರಲಿ, ಬಿಡಬೇಡಿ. ದಿನಾ ನೋಡುವ ಜಾಗದಲ್ಲೇ ಬದಲಾವಣೆ ಬೇಗ ಕಣ್ಣಿಗೆ ಬೀಳುತ್ತದೆ.

ಈ ಜಾಗಗಳ ಪೈಕಿ ಒಂದೆರಡರಲ್ಲಿ ಪ್ರತಿ ಸಲ ಒಂದೇ ಚೌಕಟ್ಟಿನ ಫೋಟೋ ತೆಗೆಯಿರಿ. ವರ್ಷದ ಕೊನೆಗೆ ಪಕ್ಕಪಕ್ಕ ಇಟ್ಟರೆ ಬಯಲು ಕಂದಿನಿಂದ ಹಸಿರು, ಹಸಿರಿನಿಂದ ಹೊಂಬಣ್ಣ, ಮತ್ತೆ ಕಂದು ಆಗುವುದು ತಾನಾಗಿ ಕಾಣುತ್ತದೆ. ಇದಕ್ಕೆ ಮೂರು ವಿಷಯ ಬದಲಾಗಬಾರದು: ನಿಂತ ಜಾಗ, ಫೋನ್ ಹಿಡಿದ ಎತ್ತರ, ಲೆನ್ಸ್. ಹತ್ತಿರದ ಒಂದು ವಸ್ತು ದೂರದ ಇನ್ನೊಂದರ ಜೊತೆ ಎಲ್ಲಿ ಕೂಡುತ್ತದೆ ಅಂತ ಗುರುತಿಟ್ಟುಕೊಳ್ಳಿ. ಉದಾಹರಣೆಗೆ ವಿದ್ಯುತ್ ಕಂಬದ ಎಡ ಅಂಚು ಗುಡಿಯ ಕಳಸಕ್ಕೆ ತಾಗಬೇಕು. ಕಳೆದ ಸಲದ ಫೋಟೋ ತೆರೆದು ನೋಡಿ, ಆ ಅಂಚು ಸೇರುವವರೆಗೆ ಹಿಂದೆ ಮುಂದೆ ಸರಿಯಿರಿ. ಕ್ಯಾಮೆರಾದಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ. ಜೂಮ್ ಮುಟ್ಟಬೇಡಿ, ಯಾವಾಗಲೂ 1 ಎಂದು ತೋರಿಸುವ ಮುಖ್ಯ ಲೆನ್ಸೇ ಇರಲಿ.

ಪಕ್ಕದ ಪರ್ರಾ ಊರಿನ ತೆಂಗಿನ ಸಾಲಿನ ರಸ್ತೆ? ಅದನ್ನು ಬೇರೆಯವರು ತೆಗೆದಾಗಿದೆ. ಸಾಕಷ್ಟು ಜಾಸ್ತಿಯೇ ತೆಗೆದಾಗಿದೆ.

ಬಿಸಿಲಿನ ಲೆಕ್ಕ

ಗೋವಾ ಇರುವುದು ಸುಮಾರು 15.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಸೂರ್ಯ ವರ್ಷದಲ್ಲಿ ಎರಡು ಸಲ ನೆತ್ತಿಯ ನೇರಕ್ಕೆ ಬರುತ್ತಾನೆ: ಮೇ ಮೊದಲ ವಾರ ಒಮ್ಮೆ, ಆಗಸ್ಟ್ 10ರ ಆಸುಪಾಸು ಇನ್ನೊಮ್ಮೆ. ಆ ದಿನಗಳ ನಡುಮಧ್ಯಾಹ್ನ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗಸ್ಟಿನಲ್ಲಿ ಮೋಡ ಬಿಡುವುದು ಅಪರೂಪ, ಹಾಗಾಗಿ ಮೇ ತಿಂಗಳನ್ನೇ ನಂಬಿ. ಇವೆರಡರ ನಡುವೆ ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕಿರುತ್ತಾನೆ. ವರ್ಷದ ಉಳಿದ ಕಾಲ ನಡುಹಗಲಲ್ಲಿ ಬಿಸಿಲನ್ನೇ ಕಾಣದ ಉತ್ತರ ಗೋಡೆಗಳ ಮೇಲೆ ಆಗ ಮಾತ್ರ ಓರೆಬೆಳಕು ಜಾರುತ್ತದೆ. ಹಳೆಯ ಚಿರೆಕಲ್ಲಿನ ಗೋಡೆ, ಸಿಪ್ಪಿ ಕೂರಿಸಿದ ಕಿಟಕಿ ಉತ್ತರಕ್ಕಿದ್ದರೆ ಮೇ ತಿಂಗಳಲ್ಲೇ ಹೋಗಿ ತೆಗೆಯಿರಿ. ಜೂನ್‌ನಲ್ಲಿ ಮೋಡ ಮುಚ್ಚಿಬಿಡುತ್ತದೆ.

ಡಿಸೆಂಬರಿನಲ್ಲಿ ತದ್ವಿರುದ್ಧ. ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ 51 ಡಿಗ್ರಿಯಷ್ಟೇ ಏರುತ್ತಾನೆ. ನೆರಳು ಉದ್ದ, ಬೆಳಕು ಮೆತ್ತಗೆ. ಬೇಸಿಗೆಯಲ್ಲಿ 9 ಗಂಟೆಯ ಮೇಲೆ ಮುಖದ ಫೋಟೋ ತೆಗೆಯಲು ಹೋದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಂಡಿ ಬರುತ್ತವೆ. ಡಿಸೆಂಬರಿನಲ್ಲಿ 10:30ರವರೆಗೂ ಆರಾಮಾಗಿ ತೆಗೆಯಬಹುದು.

ಬೆಳಗಿನ ಹೊತ್ತೂ ಬದಲಾಗುತ್ತದೆ. ಜೂನ್ ಆರಂಭದಲ್ಲಿ ಸೂರ್ಯ ಹುಟ್ಟುವುದು ಸುಮಾರು 6 ಗಂಟೆಗೆ. ಜನವರಿಯಲ್ಲಿ 7 ದಾಟುತ್ತದೆ. ಸೈಕಲ್ ಮೇಲೆ ಹಾರ್ನ್ ಒತ್ತುತ್ತಾ ಪಾವ್, ಪೊಯಿ ಎಂಬ ಬ್ರೆಡ್ ತರುವ ಪೊದೇರ್ ಬರುವ ವೇಳೆ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಮೇ ತಿಂಗಳಲ್ಲಿ ಅವನು ಬೆಳಕಿನಲ್ಲಿ ಬರುತ್ತಾನೆ, ಜನವರಿಯಲ್ಲಿ ಕತ್ತಲಲ್ಲಿ. ಒಂದೇ ತಿರುವಿನಲ್ಲಿ ಒಂದೇ ಹೊತ್ತಿಗೆ ಅವನನ್ನು ಎರಡು ಸಲ ತೆಗೆದರೆ ಸಾಕು, ಚಳಿಗಾಲ ಬೇಸಿಗೆ ಎರಡೂ ಬಂದವು.

ಎಲ್ಲಿಂದ ಶುರು? ಮೇ ತಿಂಗಳಿಂದ

ಹೊಸ ವರ್ಷ, ಜನವರಿ 1 ಅಂತ ಕಾಯಬೇಡಿ. ಈ ಕೆಲಸಕ್ಕೆ ವರ್ಷ ಶುರುವಾಗುವುದು ಮೇ ತಿಂಗಳಲ್ಲಿ. ಆಗ ಇಡೀ ಊರು ಮಳೆಗೆ ತಯಾರಾಗುತ್ತದೆ. ಆ ತಯಾರಿಯಷ್ಟು ಒಳ್ಳೆಯ ಫೋಟೋ ವಿಷಯ ನನಗೆ ಬೇರೆ ಗೊತ್ತಿಲ್ಲ.

ಮಾಪ್ಸಾದ ಶುಕ್ರವಾರದ ಸಂತೆಗೆ ಬಾರ್ದೇಶ್ ತಾಲೂಕಿನ ಹಳ್ಳಿಗಳಿಂದೆಲ್ಲ ಜನ ಬರುತ್ತಾರೆ. ಮೇ ತಿಂಗಳ ಸಂತೆಯಲ್ಲಿ ಎಲ್ಲರ ಬಾಯಲ್ಲೂ ಪುರುಮೆಂತ್. ಅಂದರೆ ಮಳೆಗಾಲದ ಸಾಮಾನು ಕೂಡಿಡುವುದು. ಒಣಸಿಗಡಿ, ಒಣಬಂಗುಡೆ, ಮೆಣಸಿನಕಾಯಿ, ಕೋಕಂ, ಹುಣಸೆ, ಉಪ್ಪು, ಸಾಸೇಜಿನ ಮಾಲೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಹಾಗಾಗಿ ಹಸಿ ಮೀನು ತುಟ್ಟಿ. ಒಣಮೀನಿನ ಬುಟ್ಟಿಗೆ ಇಷ್ಟು ಬೆಲೆ ಬರುವುದು ಅದಕ್ಕೇ.

ಇಲ್ಲಿ ರಾಶಿಯ ಫೋಟೋ ಮಾತ್ರ ತೆಗೆದು ಬರಬೇಡಿ. ರಾಶಿ ಸುಮ್ನೆ ಬಣ್ಣ. ಮೆಣಸಿನಕಾಯಿ ಮುರಿದು ಮೂಸುವ ಕೈ, ಉಪ್ಪು ಅಳೆಯುವ ಡಬ್ಬ, ಚೌಕಾಸಿ ಮಾಡುವಾಗ ಹುಬ್ಬೇರಿಸಿದ ಅಜ್ಜಿ, ಇವು ಬೇಕು. ಮೂರು ದೂರದಿಂದ ತೆಗೆಯಿರಿ: ಇಡೀ ಸಾಲು ಕಾಣುವಂತೆ ಒಂದು, ಇಬ್ಬರು ಮಾತಾಡುವುದು ಒಂದು, ಕೈ ಮಾತ್ರ ಒಂದು. ನೆಲದ ಮೇಲೆ ಕೂತವರನ್ನು ನಿಂತುಕೊಂಡು ತೆಗೆದರೆ ತಲೆ ಮಾತ್ರ ಬರುತ್ತದೆ. ನೀವೂ ಕುಕ್ಕರುಗಾಲಲ್ಲಿ ಕೂರಿ.

ಮಾರುಕಟ್ಟೆಯ ನೀಲಿ ತಾಡಪತ್ರಿ ಒಂದು ತಲೆನೋವು. ಅದರ ಕೆಳಗೆ ಎಲ್ಲರ ಮುಖವೂ ನೀಲಿ. ವೈಟ್ ಬ್ಯಾಲೆನ್ಸ್‌ನಲ್ಲಿ ಸರಿಮಾಡಲು ಹೋದರೆ ಹೊರಗಿನ ಬಿಸಿಲು ಕಿತ್ತಳೆಯಾಗುತ್ತದೆ. ಸುಲಭದ ದಾರಿ, ತಾಡಪತ್ರಿಯ ಅಂಚಿನಲ್ಲಿ ಕೂತವರನ್ನು ಆರಿಸಿ. ಅಲ್ಲಿ ಹೊರಗಿನ ಬೆಳಕು ಪಕ್ಕದಿಂದ ಬೀಳುತ್ತದೆ.

ಸಂತೆಯ ಆಚೆ ಮನೆಗಳನ್ನು ನೋಡಿ. ಹಂಚು ಬದಲಿಸುವವರು. ಮಣ್ಣು, ಚಿರೆಕಲ್ಲಿನ ಗೋಡೆ ತೋಯದಂತೆ ತೆಂಗಿನ ಗರಿ ಹೆಣೆದ ತಡಿಕೆ ಕಟ್ಟುವವರು. ತೋಡಿನ ಹೂಳು ತೆಗೆಯುವವರು. ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಮಂದಿ. ಬಿತ್ತನೆಗೆ ಊರಿಗೆ ಹೊರಟ ಕುಟುಂಬಗಳು, ಗಂಟು, ಪಾತ್ರೆ, ಬಕೆಟ್ ಸಮೇತ. ಗೋವಾದವರು ತೆಗೆದ ಋತುಗಳ ಚಿತ್ರದಲ್ಲಿ ಈ ಬಸ್ ಸಿಗುವುದು ಕಡಿಮೆ. ಇದನ್ನು ನಾವೇ ತೆಗೆಯಬೇಕು.

ಮಳೆ ತೆಗೆಯುವುದು ಹೇಗೆ

ಮಳೆ ಕಣ್ಣಿಗೆ ಕಂಡಷ್ಟು ಫೋಟೋದಲ್ಲಿ ಕಾಣುವುದಿಲ್ಲ. ಕಾಣಬೇಕಾದರೆ ಹಿಂದೆ ಕಪ್ಪು ಇರಬೇಕು, ಬೆಳಕು ಎದುರಿನಿಂದ ಬರಬೇಕು. ಬಿಳಿ ಆಕಾಶದ ಮುಂದೆ ಸುರಿಯುವ ಮಳೆ ಮಾಯ. ಅದೇ ಮಳೆ ಕತ್ತಲೆಯ ಬಾಗಿಲು, ದಟ್ಟ ಮರ, ಅಂಗಡಿಯ ಒಳಗತ್ತಲೆಯ ಮುಂದೆ ಎದ್ದು ಕಾಣುತ್ತದೆ. ಸಂಜೆ ಸ್ಕೂಟರಿನ ಹೆಡ್‌ಲೈಟ್ ನಿಮ್ಮ ಕಡೆ ತಿರುಗಿದ ಆ ಒಂದು ಕ್ಷಣವಂತೂ ಹೇಳಿ ಮಾಡಿಸಿದ ಹಾಗೆ.

ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಶಟರ್ ವೇಗ ನೀವೇ ಇಡಿ. ಹನಿ ಹನಿಯಾಗಿ ಬೇಕಾದರೆ ಸೆಕೆಂಡಿನ 1/500 ಅಥವಾ ಇನ್ನೂ ವೇಗ. ಗೆರೆಗೆರೆಯಾಗಿ ಬೇಕಾದರೆ 1/60, ಉದ್ದ ಗೆರೆಗೆ 1/30. ಮೋಡದ ದಿನ 1/500 ಇಟ್ಟರೆ ಐಎಸ್‌ಒ 800, 1600 ಅಂತ ಏರುತ್ತದೆ. ಸ್ವಲ್ಪ ಕಾಳುಕಾಳಾದರೂ ಚಿಂತೆ ಬೇಡ. ನೈಟ್ ಮೋಡ್ ಮಾತ್ರ ಆಫ್ ಮಾಡಿಡಿ. ಅದು ಹಲವು ಚಿತ್ರ ಸೇರಿಸಿ ಒಂದು ಮಾಡುತ್ತದೆ, ಮಳೆ ಒರೆಸಿಹೋಗುತ್ತದೆ.

ಜುಲೈನ ಹಸಿರು ಇನ್ನೊಂದು ಸಮಸ್ಯೆ. ಫೋನು ಆ ಹಸಿರಿಗೆ ಇನ್ನಷ್ಟು ಹಸಿರು ಬಳಿಯುತ್ತದೆ, ಗದ್ದೆ ಪ್ಲಾಸ್ಟಿಕ್ ಆಗುತ್ತದೆ. ಪರದೆ ಮೇಲೆ ಒತ್ತಿಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕಿನ ಸ್ಲೈಡರ್ ಸ್ವಲ್ಪ ಕೆಳಗೆ ಎಳೆಯಿರಿ. ಆಮೇಲೆ ಸ್ಯಾಚುರೇಶನ್ ಒಂದಿಷ್ಟು ಇಳಿಸಿ. ಬಿಳಿ ಆಕಾಶವನ್ನು ಚೌಕಟ್ಟಿನಿಂದ ಹೊರಗಿಡಿ. ಆಗ ನೇಜಿ ನೆಡುವವರ ಬೆನ್ನಿನ ಮೇಲಿನ ಪ್ಲಾಸ್ಟಿಕ್ ಹಾಳೆ, ಕೆಸರು, ನೀರಿನ ಬೂದುಬಣ್ಣ ಎಲ್ಲ ತಮ್ಮ ತಮ್ಮ ಜಾಗಕ್ಕೆ ಬರುತ್ತವೆ.

ಮಳೆಗಾಲದ ಹಬ್ಬಗಳಿಗೆ ಪುಟ್ಟ ಊರುಗಳೇ ಸರಿ. ಜೂನ್ 24ರಂದು ಸಾಂವ್ ಜುವಾಂವ್, ತಲೆಗೆ ಎಲೆ-ಹೂವಿನ ಕಿರೀಟ ಕಟ್ಟಿಕೊಂಡು ಬಾವಿಗೆ ಹಾರುವ ಹಬ್ಬ. ಆಷಾಢ ಏಕಾದಶಿಯ ಮರುದಿನ ಮಾರ್ಶೆಲ್‌ನ ದೇವಕೀಕೃಷ್ಣ ಗುಡಿಯ ಅಂಗಳದಲ್ಲಿ ಚಿಖಲ್ ಕಾಲೊ, ಕೆಸರಿನ ಆಟ. ಎರಡಕ್ಕೂ ಫೋನನ್ನು ಜಿಪ್ ಚೀಲದಲ್ಲಿ ಹಾಕಿಕೊಂಡೇ ಹೋಗಿ. ಮಣ್ಣೆತ್ತಿನ ಅಮಾವಾಸ್ಯೆ, ನಾಗರ ಪಂಚಮಿ ಕೂಡ ಇದೇ ಕಾಲಕ್ಕೆ ಬರುತ್ತವೆ. ನಿಮ್ಮ ಕೇರಿಯಲ್ಲಿ ಯಾರಾದರೂ ಮಣ್ಣಿನ ಎತ್ತು ಮಾಡಿದರೆ, ಜೋಕಾಲಿ ಕಟ್ಟಿದರೆ, ಅದನ್ನೂ ಇದೇ ಸಾಲಿಗೆ ಸೇರಿಸಿ. ಅದೂ ಈ ಊರಿನ ಋತುವೇ ಅಲ್ವಾ?

ಫೋನು, ಕ್ಯಾಮೆರಾ ಉಳಿಸಿಕೊಳ್ಳುವುದು

ಇದನ್ನು ಜನ ತಾತ್ಸಾರ ಮಾಡುತ್ತಾರೆ. ಗೋವಾದ ಮಳೆಗಾಲದಲ್ಲಿ ಗಾಳಿಯ ತೇವ ಎಷ್ಟೋ ದಿನ ಶೇ 90 ದಾಟುತ್ತದೆ. ಕ್ಯಾಮೆರಾ ಲೆನ್ಸಿನ ಒಳಗೆ ಬೂಷ್ಟು ಬೆಳೆಯಲು ಇಷ್ಟು ಸಾಕು. ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಕತ್ತಲೆ ಕಪಾಟು, ಚರ್ಮದ ಚೀಲ ಎರಡೂ ಬೇಡ. ಗಾಳಿಯಾಡದ ಊಟದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಅದರಲ್ಲಿಡಿ. ಜೊತೆಗೆ ಒಂದು ಪುಟ್ಟ ತೇವಮಾಪಕ ಇದ್ದರೆ ಒಳ್ಳೆಯದು. ಒಳಗಿನ ತೇವ ಶೇ 40ರಿಂದ 50ರ ನಡುವೆ ಇರಲಿ. ಜೆಲ್‌ನ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.

ಎಸಿ ಕೋಣೆಯಿಂದ ಹೊರಬಂದ ಕೂಡಲೇ ಲೆನ್ಸ್ ಮಂಜಾಗುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಒಳಗಿರುವಾಗಲೇ ಜಿಪ್ ಚೀಲಕ್ಕೆ ಹಾಕಿ, ಹೊರಗೆ 15–20 ನಿಮಿಷ ಬಿಟ್ಟು ತೆಗೆಯಿರಿ. ಪರದೆ ಒದ್ದೆಯಾದಾಗ ಬೆರಳು ಕೆಲಸ ಮಾಡುವುದಿಲ್ಲ, ವಾಲ್ಯೂಮ್ ಬಟನ್ನಿನಿಂದ ಕ್ಲಿಕ್ ಮಾಡಿ. ಚಾರ್ಜಿಂಗ್ ತೂತು ಒದ್ದೆ ಇದ್ದರೆ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬದಲ್ಲಿ ಹುಗಿಯುವುದೂ ಬೇಡ. ಧೂಳು ಒಳಗೆ ಹೋಗುತ್ತದೆ, ಅಷ್ಟೇ ಲಾಭ. ನೀರು ತಡೆಯುವ ಫೋನ್ ಅಂತ ಕಡಲ ನೀರಿಗೆ ಒಡ್ಡಬೇಡಿ. ಆ ಪರೀಕ್ಷೆಗಳೆಲ್ಲ ಸಿಹಿನೀರಿನವು.

ಚೌತಿಯಿಂದ ಬೇಸಿಗೆಯವರೆಗೆ

ಚೌತಿಗೆ ಎರಡು ದಿನ ಮುಂಚೆ ಮಾರುಕಟ್ಟೆಗೆ ಹೋಗಿ. ಗಣಪತಿಯ ಮೇಲೆ ಕಟ್ಟುವ ಮರದ ಚೌಕಟ್ಟು ಮಾಟೊಳಿ. ಅದಕ್ಕೆ ತೂಗಹಾಕಲು ಕಾಡಿನ ಕಾಯಿ, ಹಣ್ಣು, ಬಳ್ಳಿ, ಅಡಿಕೆ ಗೊನೆಗಳು ಮಾರಾಟಕ್ಕೆ ಬರುತ್ತವೆ. ಕಾರವಾರ, ಅಂಕೋಲಾ ಕಡೆಯವರಿಗೆ ಫಲಾವಳಿ ಅಂದರೆ ಗೊತ್ತು. ಇದೆಲ್ಲ ಕೆಲವೇ ದಿನದ ವ್ಯಾಪಾರ, ತಪ್ಪಿಸಿಕೊಂಡರೆ ಮುಂದಿನ ವರ್ಷವೇ. ಒಂದೊಂದು ಕಾಯಿಯನ್ನೂ ಬೇರೆಯಾಗಿ, ಸಾದಾ ಗೋಣಿಯ ಮೇಲಿಟ್ಟು ತೆಗೆಯಿರಿ. ಮಾರುವವರನ್ನೇ ಕೇಳಿ ಹೆಸರು ಬರೆದುಕೊಳ್ಳಿ. ಹಬ್ಬದ ದಿನ ಪೇಟೆ ಖಾಲಿ. ಮುಚ್ಚಿದ ಅಂಗಡಿ ಸಾಲೂ ಒಂದು ಫೋಟೋ.

ಸೆಪ್ಟೆಂಬರ್ ಕೊನೆ, ಅಕ್ಟೋಬರಿಗೆ ಕೊಯ್ಲು. ರಸ್ತೆ ಮೇಲೆ ಭತ್ತ ಹರವುತ್ತಾರೆ, ಬೆಳಗಿನ ಓರೆ ಬಿಸಿಲಲ್ಲಿ ನೋಡಿ. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ರಾತ್ರಿ ಹುಡುಗರು ಕಟ್ಟಿದ ನರಕಾಸುರರು ಬೀದಿಗೆ ಬರುತ್ತಾರೆ, ಬೆಳಗಿನ ಜಾವ ಸುಡುತ್ತಾರೆ. ಎಲ್ಲರೂ ಉರಿಯುವುದನ್ನು ತೆಗೆಯುತ್ತಾರೆ. ಒಂದು ವಾರ ಮುಂಚೆ ಹೋದರೆ ಹುಲ್ಲು, ಕಾಗದ, ಅಂಟು ಮೆತ್ತಿಕೊಂಡ ಹುಡುಗರು ಸಿಗುತ್ತಾರೆ. ಅದೇ ಹೆಚ್ಚು ಚೆನ್ನ.

ಡಿಸೆಂಬರಿನಲ್ಲಿ ಮನೆಮನೆಗೆ ನಕ್ಷತ್ರದ ದೀಪ. ಸೂರ್ಯ ಮುಳುಗಿದ ಮೇಲೆ 15–20 ನಿಮಿಷ ಆಕಾಶ ಇನ್ನೂ ನೀಲಿ ಇರುತ್ತದೆ, ದೀಪವೂ ಸುಟ್ಟುಹೋದಂತೆ ಕಾಣುವುದಿಲ್ಲ. ಕ್ರಿಸ್‌ಮಸ್ ಹೊತ್ತಿಗೆ ಸೂರ್ಯಾಸ್ತ ಸುಮಾರು 6:10ಕ್ಕೆ, ಹಾಗಾಗಿ ಅದಕ್ಕೆ ಮುಂಚೆಯೇ ನಿಮ್ಮ ಜಾಗದಲ್ಲಿರಿ. ಅದಾದ ಮೇಲೆ, ಹೆಚ್ಚಾಗಿ ಜನವರಿಯಲ್ಲಿ, ಬೊಡಗೇಶ್ವರ ಜಾತ್ರೆ: ಖಾಜೆ ಅಂಗಡಿ, ಆಟಿಕೆ, ಜನ. ಗದ್ದೆಗಳಲ್ಲಿ ಭತ್ತ ಹೋಗಿ ತರಕಾರಿ, ಅಲಸಂದೆ, ಮೆಣಸು ಬಂದಿರುತ್ತದೆ. ನಿಮ್ಮ ಒಂದೇ ಚೌಕಟ್ಟಿನ ಫೋಟೋಗೆ ಇದು ಮುಖ್ಯ ಹಂತ.

ಕಾರ್ನಿವಲ್ ಮೆರವಣಿಗೆ ಈ ಕೆಲಸಕ್ಕೆ ಅಷ್ಟು ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಫೆಬ್ರವರಿ ಕೊನೆಯಿಂದ ಗೇರುಹಣ್ಣಿನ ವಾಸನೆ ಬರತೊಡಗುತ್ತದೆ, ಅದರ ಹಿಂದೆ ಹೋಗಿ. ಹಣ್ಣು ತುಳಿಯುವ ಜಾಗ, ನೀರೊ ಅನ್ನುವ ಅದರ ರಸ ಇಳಿಯುವ ಮಡಕೆ, ಆ ರಸದಿಂದ ಉರಾಕ್ ಸಾರಾಯಿ ಇಳಿಸುವ ಭಟ್ಟಿಯ ಹೊಗೆ. ಅರ್ಪೊರಾ ಕಡೆ ಉಪ್ಪಿನ ಗದ್ದೆಗಳಲ್ಲಿ ಬಿಳಿ ಗುಪ್ಪೆ ಏಳುವುದೂ ಬೇಸಿಗೆಯಲ್ಲೇ. ಈಸ್ಟರ್ ಆದ ಮೇಲಿನ ಮೂರನೇ ಸೋಮವಾರ ಮಾಪ್ಸಾದ ಇಗರ್ಜಿಯಲ್ಲಿ ಮಿಲಾಗ್ರಿಸ್ ಮಾತೆಯ ಫೆಸ್ತ್, ಅಂದರೆ ಹಬ್ಬ. ಹಿಂದೂಗಳೂ ಕ್ರೈಸ್ತರೂ ಎಣ್ಣೆ ಒಪ್ಪಿಸಲು ಸಾಲು ನಿಲ್ಲುತ್ತಾರೆ. ಸಾಲಿನ ಫೋಟೋ ಸಾಕು, ಪ್ರಾರ್ಥಿಸುವವರ ಮುಖಕ್ಕೆ ಲೆನ್ಸ್ ಒಡ್ಡಬೇಡಿ.

ಕೇಳಿ ತೆಗೆಯಿರಿ

ಪಣಜಿಯ ಫೊಂತೈನ್ಹಾಸ್ ಓಣಿಯಲ್ಲಿ ಜನ ತಮ್ಮ ಮನೆ ಮುಂದೆ 'ಫೋಟೋ ಬೇಡ' ಅಂತ ಫಲಕ ಹಾಕಿದ್ದಾರೆ. ಗೋವಾ ಪ್ರವಾಸೋದ್ಯಮ ಇಲಾಖೆ 2023ರಲ್ಲಿ, ಬೇರೆಯವರ ಫೋಟೋ ಅವರನ್ನು ಕೇಳದೆ ತೆಗೆಯಬೇಡಿ ಅಂತ ಪ್ರವಾಸಿಗರಿಗೆ ಸೂಚನೆ ಕೊಟ್ಟಿತ್ತು. ಇಲ್ಲೇ ಬದುಕುವ ನಾವಂತೂ ಕೇಳಲೇಬೇಕು. ನಮ್ಮ ಕಡೆಯವರಾದರೆ 'ಒಂದ್ ಫೋಟೋ ತಗೀಲೇನ್ರಿ?' ಅಂದರೆ ಆಯಿತು. ಕೊಂಕಣಿಯಲ್ಲಿ 'ಏಕ್ ಫೋಟೋ ಕಾಡೂಂ?' ಕೊನೆಗೆ 'ದೇವ್ ಬರೆಂ ಕರುಂ', ಅಂದರೆ ದೇವರು ಒಳ್ಳೇದು ಮಾಡಲಿ. ಮೊದಲು ಏನಾದರೂ ಕೊಳ್ಳಿ, ಮಾತಾಡಿ, ಆಮೇಲೆ ಕೇಳಿ. ಬೇಡ ಅಂದರೆ ನಕ್ಕು ಮುಂದೆ ಹೋಗಿ. ಮುಂದಿನ ಶುಕ್ರವಾರ ಅವರೇ ಕರೆಯುವುದೂ ಉಂಟು.

ಬೆಳಿಗ್ಗೆ ಕೂಲಿಗೆ ಕಾಯುತ್ತಾ ನಿಲ್ಲುವ ನಮ್ಮ ಮಂದಿಯ ಬಗ್ಗೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಆ ಮುಖಗಳು ನಾಳೆ ಯಾವ ಮಾತಿನ ಜೊತೆ ಎಲ್ಲಿಗೆ ಹೋಗುತ್ತವೋ ಗೊತ್ತಿರುವುದಿಲ್ಲ. ಬೆನ್ನು, ಕೈ, ಬುತ್ತಿ ಡಬ್ಬ, ಗುದ್ದಲಿ ತೆಗೆಯಿರಿ. ಯಾರ ಗುಡಿಸಲು ಎಲ್ಲಿದೆ ಅಂತ ತೋರಿಸುವ ಫೋಟೋ ಹಂಚಬೇಡಿ, ಫೋನಿನ ಲೊಕೇಶನ್ ಆಫ್ ಮಾಡಿಡಿ. ಮಕ್ಕಳದ್ದು ಹೆತ್ತವರು ಒಪ್ಪಿದರೆ ಮಾತ್ರ.

ಇಟ್ಟುಕೊಳ್ಳುವುದು, ಕೊಡುವುದು

ತಿಂಗಳಿಗೊಂದು ಫೋಲ್ಡರ್ ಮಾಡಿ. ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ, ಜಾಗ ಬರೆದರೆ ತಾನಾಗಿ ಸಾಲಾಗಿ ಕೂರುತ್ತವೆ. ತಿಂಗಳ ಕೊನೆಗೆ ಕೂತು ಹತ್ತು ಮಾತ್ರ ಆರಿಸಿ. ಪರೀಕ್ಷೆ ಅದೇ: ಈ ಫೋಟೋ ನೋಡಿದರೆ ತಿಂಗಳು ಗೊತ್ತಾಗುತ್ತದಾ? ಗೊತ್ತಾಗದಿದ್ದರೆ, ಎಷ್ಟೇ ಚೆಂದ ಇದ್ದರೂ ಪಕ್ಕಕ್ಕಿಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸಾದಾ ಕಳಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕವೂ ಅಳಿಸಿಹೋಗುತ್ತದೆ. ಮೂಲ ಫೋಟೋ ಎರಡು ಬೇರೆ ಕಡೆ ಇರಲಿ, ಒಂದು ಮನೆಯ ಹೊರಗೆ.

ಅಡಿಬರಹ ಕನ್ನಡದಲ್ಲೇ ಬರೆಯಿರಿ, ಚಿಕ್ಕದಾಗಿ. 'ಸುಂದರ ಮಳೆಗಾಲ' ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. 'ಜೂನ್ ಎರಡನೇ ವಾರ, ಶುಕ್ರವಾರದ ಸಂತೆ, ಮಳೆಯ ಮೊದಲ ಸೊಪ್ಪು, ಒಂದು ಕಟ್ಟು ಇಷ್ಟು' ಅಂತ ಬರೆಯಿರಿ. ಬೆಲೆ ತಪ್ಪದೆ ಬರೆಯಿರಿ. ಹತ್ತು ವರ್ಷದ ನಂತರ ಜನ ಮೊದಲು ಓದುವುದು ಅದನ್ನೇ.

ತೆಗೆಸಿಕೊಂಡವರಿಗೆ ಪ್ರಿಂಟ್ ಹಾಕಿಸಿ ಕೊಡಿ. ಮಳೆಗಾಲದಲ್ಲಿ ಕೊಡುವುದಾದರೆ ಲ್ಯಾಮಿನೇಟ್ ಮಾಡಿಸಿ. ಫ್ರೇಮ್ ಹಾಕಿಸುವುದಾದರೆ ಗಾಜಿಗೂ ಫೋಟೋಗೂ ನಡುವೆ ದಪ್ಪ ಕಾಗದದ ಅಂಚು ಇಡಲು ಅಂಗಡಿಯವರಿಗೆ ಹೇಳಿ. ಇಲ್ಲದಿದ್ದರೆ ಆಗಸ್ಟಿನ ತೇವಕ್ಕೆ ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ.